ಪಿನ್ನು ಬಿಟ್ಟು ಮ್ಯಾಗ್ನೆಟ್ ಹಲಗೆಗೆ ಹೋಗಬೇಕೇ?

ಪ್ರಶ್ನೆ: ಬಾಲ್ಸಾ ಮರದಲ್ಲಿ ಮಾದರಿ ವಿಮಾನ ಕಟ್ಟುವುದು ನನ್ನ ಹವ್ಯಾಸ. ಇಷ್ಟು ದಿನ ಸಾಫ್ಟ್‌ಬೋರ್ಡ್ ಮೇಲೆ ನಕ್ಷೆ ಹಾಸಿ, ಪಿನ್ನು ಚುಚ್ಚಿ ಕೆಲಸ ಮಾಡುತ್ತಿದ್ದೆ. ತೆಳು ಕಡ್ಡಿಗಳು ಪಿನ್ನಿಗೆ ಸೀಳುತ್ತವೆ. ಕಳೆದ ಸಲ ಕಟ್ಟಿದ ರೆಕ್ಕೆಯಂತೂ ತಿರುಚಿಕೊಂಡೇ ಬಂತು. ಕಬ್ಬಿಣದ ತಗಡಿನ ಮೇಲೆ ಮ್ಯಾಗ್ನೆಟ್ ಇಟ್ಟು ಕಟ್ಟುವ ಹಲಗೆ ಒಳ್ಳೆಯದು ಅಂತ ಗೆಳೆಯರು ಹೇಳುತ್ತಾರೆ. ನಿಜಕ್ಕೂ ಉಪಯೋಗವಿದೆಯೇ? ಹಾಗಿದ್ದರೆ ಹಳೆಯ ಬೋರ್ಡನ್ನು ಎಸೆದುಬಿಡಲೇ?

ಉತ್ತರ: ನೀವು ಕೇಳಿರುವುದು ಒಂದು ಪ್ರಶ್ನೆಯಂತೆ ಕಂಡರೂ ಅದರಲ್ಲಿ ಎರಡು ಕಾಯಿಲೆಗಳಿವೆ. ಕಡ್ಡಿ ಸೀಳುವುದು ಒಂದು, ರೆಕ್ಕೆ ತಿರುಚುವುದು ಇನ್ನೊಂದು. ಮೊದಲನೆಯದಕ್ಕೆ ಮ್ಯಾಗ್ನೆಟ್ ಹಲಗೆ ಒಳ್ಳೆಯ ಮದ್ದು. ಎರಡನೆಯದಕ್ಕೆ ಅದು ಮದ್ದೇ ಅಲ್ಲ. ಇದು ಗೊತ್ತಿಲ್ಲದೆ ಹಲಗೆ ಮಾಡಿಸಿಕೊಂಡು, ಆಮೇಲೂ ತಿರುಚಿದ ರೆಕ್ಕೆ ಕೈಗೆ ಬಂದಾಗ ಮ್ಯಾಗ್ನೆಟ್ಟಿಗೆ ಬೈದವರು ಬಹಳ ಜನ. ನಾನೂ ಬೈದಿದ್ದೇನೆ.

ಮೊದಲು ತಿರುಚಿನ ವಿಷಯ. ರೆಕ್ಕೆ ಕಟ್ಟುವಾಗ ಕೆಳಗಿನ ಸ್ಪಾರ್ (ರೆಕ್ಕೆಯ ಉದ್ದಕ್ಕೂ ಓಡುವ ಮುಖ್ಯ ಕಡ್ಡಿ), ರಿಬ್ಬುಗಳು (ಅದಕ್ಕೆ ಅಡ್ಡಲಾಗಿ ನಿಂತು ರೆಕ್ಕೆಗೆ ಆಕಾರ ಕೊಡುವ ತೆಳು ತುಂಡುಗಳು), ಮುಂದಿನ ಅಂಚು, ಹಿಂದಿನ ಅಂಚು ಎಲ್ಲವೂ ಹಲಗೆಗೆ ಒತ್ತಿಕೊಂಡೇ ಅಂಟುತ್ತವೆ. ಹಲಗೆಯಲ್ಲಿ ಎಷ್ಟು ತಿರುಚಿದೆಯೋ ಅಷ್ಟೂ ರೆಕ್ಕೆಗೆ ಬರುತ್ತದೆ. ಅಂಟು ಒಣಗಿದ ಮೇಲೆ ಆ ತಿರುಚು ಖಾಯಂ. ನನ್ನ ಮೊದಲ ಮ್ಯಾಗ್ನೆಟ್ ಹಲಗೆ 0.8 ಮಿ.ಮೀ. ತಗಡಿನದು. ಅದನ್ನು ಸುಮ್ನೆ ಮೇಜಿನ ಮೇಲೆ ಹಾಸಿ ಕೆಲಸ ಶುರು ಮಾಡಿದ್ದೆ. ಕತ್ತರಿಸುವಾಗ ಒಂದು ಅಂಚು ಸ್ವಲ್ಪ ಮೇಲಕ್ಕೆ ಎದ್ದಿದ್ದು ಕಣ್ಣಿಗೆ ಬೀಳಲಿಲ್ಲ. ಮ್ಯಾಗ್ನೆಟ್ಟುಗಳು ಕಡ್ಡಿಗಳನ್ನು ಆ ಎದ್ದ ಅಂಚಿಗೆ ನಿಷ್ಠೆಯಿಂದ ಒತ್ತಿ ಹಿಡಿದವು. ರೆಕ್ಕೆ ಬಿಡಿಸಿ ಸಮನಾದ ಗಾಜಿನ ಮೇಲಿಟ್ಟಾಗ ತುದಿಯ ಹಿಂಬದಿ 4 ಮಿ.ಮೀ. ಮೇಲಿತ್ತು. ಇನ್ನೊಂದು ಕಡೆಯದು ಸರಿಯಾಗಿತ್ತು. ಅಂಥ ವಿಮಾನ ನೇರ ಹಾರುವುದಿಲ್ಲ ಅಂತ ನಿಮಗೆ ಹೇಳಬೇಕಿಲ್ಲ.

ಹಾಗಾಗಿ ಏನನ್ನೂ ಕೊಳ್ಳುವ ಮೊದಲು ಈಗಿರುವ ಸಾಫ್ಟ್‌ಬೋರ್ಡನ್ನು ಪರೀಕ್ಷೆ ಮಾಡಿ. ನೇರವಾದ, ಒಂದೇ ಅಳತೆಯ ಎರಡು ಅಲ್ಯೂಮಿನಿಯಂ ಪಟ್ಟಿ ತೆಗೆದುಕೊಳ್ಳಿ. ಒಂದನ್ನು ಹಲಗೆಯ ಈ ತುದಿಗೆ ಅಡ್ಡಲಾಗಿ, ಇನ್ನೊಂದನ್ನು ಆ ತುದಿಗೆ ಅಡ್ಡಲಾಗಿ ನಿಲ್ಲಿಸಿ. ಬಗ್ಗಿ, ಒಂದು ಕಣ್ಣು ಮುಚ್ಚಿ, ಹತ್ತಿರದ ಪಟ್ಟಿಯ ಮೇಲಂಚಿನಿಂದ ದೂರದ ಪಟ್ಟಿಯ ಮೇಲಂಚನ್ನು ನೋಡಿ. ಎರಡೂ ಒಂದೇ ಗೆರೆಯಾಗಿ ಕಂಡರೆ ಹಲಗೆ ನೆಟ್ಟಗಿದೆ. ಒಂದು ಬದಿ ಜಾಸ್ತಿ, ಒಂದು ಬದಿ ಕಡಿಮೆ ಕಂಡರೆ ನಿಮ್ಮ ಕಳ್ಳ ಸಿಕ್ಕಿಬಿದ್ದ. ಹಲಗೆ ನೆಟ್ಟಗಿದ್ದೂ ರೆಕ್ಕೆ ತಿರುಚಿದ್ದರೆ, ಅಂಟು ಪೂರ್ತಿ ಒಣಗುವ ಮೊದಲೇ ಎತ್ತಿದ್ದೀರಾ ಅಂತ ನೆನಪು ಮಾಡಿಕೊಳ್ಳಿ. ಬಿಳಿ ಮರದಂಟಿನಲ್ಲಿ ನೀರಿರುತ್ತದೆ. ಮರ ಅದನ್ನು ಹೀರಿ ಉಬ್ಬುತ್ತದೆ, ಒಣಗುವಾಗ ಕುಗ್ಗುತ್ತದೆ. ರಾತ್ರಿಯೆಲ್ಲ ಹಲಗೆಯ ಮೇಲೇ ಬಿಡುವುದು ಕ್ಷೇಮ.

ಸೀಳುವ ಕಾಯಿಲೆಗೂ ಒಂದು ಪುಕ್ಕಟೆ ಉಪಾಯ ಇದೆ. ಪಿನ್ನನ್ನು ಕಡ್ಡಿಯ ಮೈಗೆ ಚುಚ್ಚಬೇಡಿ. ಕಡ್ಡಿಯ ಈ ಪಕ್ಕ ಒಂದು, ಆ ಪಕ್ಕ ಒಂದು, ಎರಡನ್ನೂ ಓರೆಯಾಗಿ ಕತ್ತರಿಯಂತೆ ಕಡ್ಡಿಯ ಮೇಲೆ ಅಡ್ಡ ಬರುವ ಹಾಗೆ ಬೋರ್ಡಿಗೆ ಚುಚ್ಚಿ. ಕಡ್ಡಿ ಅಲ್ಲಾಡುವುದಿಲ್ಲ, ತೂತೂ ಬೀಳುವುದಿಲ್ಲ. 3 ಮಿ.ಮೀ.ಗಿಂತ ತೆಳುವಾದ ಕಡ್ಡಿಗೆ ಇದೊಂದೇ ದಾರಿ ಅಂತ ಪಿನ್ನಿನಲ್ಲಿ ಪಳಗಿದವರು ಹೇಳುತ್ತಾರೆ. ನಾನೂ ಒಪ್ಪುತ್ತೇನೆ.

ಇಷ್ಟಾದ ಮೇಲೂ ಮ್ಯಾಗ್ನೆಟ್ ಹಲಗೆ ಬೇಕೇ? ಬೇಕು ಅನ್ನಿಸುವ ಕೆಲಸಗಳಿವೆ. ಒಂದು ರಿಬ್ ನಿಲ್ಲಿಸುವುದನ್ನೇ ತೆಗೆದುಕೊಳ್ಳಿ.

ಸಾಫ್ಟ್‌ಬೋರ್ಡ್ ಮೇಲೆ 2 ಮಿ.ಮೀ. ದಪ್ಪದ ರಿಬ್ಬನ್ನು ಸ್ಪಾರ್ ಮೇಲೆ ನಿಲ್ಲಿಸಿ, ಮೂಲೆಮಟ್ಟ ಹಿಡಿದು, ಅಂಟು ಹಚ್ಚಿ, ಎರಡೂ ಬದಿಗೆ ಪಿನ್ನು ಒತ್ತುವಷ್ಟರಲ್ಲಿ ಮೂರನೆಯ ಕೈ ಬೇಕು ಅನ್ನಿಸುತ್ತದೆ ಅಲ್ವಾ? ಪಿನ್ನು ಒಂಚೂರು ಓರೆಯಾದರೆ ರಿಬ್ಬೂ ಓರೆ. ಮ್ಯಾಗ್ನೆಟ್ ಹಲಗೆಯಲ್ಲಿ ಹೀಗೆ ಮಾಡುತ್ತೇನೆ. 25 ಮಿ.ಮೀ. ಅಲ್ಯೂಮಿನಿಯಂ ಕೋನಪಟ್ಟಿಯನ್ನು (L ಆಕಾರದ ಪಟ್ಟಿ) ಎರಡು ಬೆರಳಗಲ ಕತ್ತರಿಸಿ, ಮಲಗಿದ ಮುಖಕ್ಕೆ ಮ್ಯಾಗ್ನೆಟ್ ಅಂಟಿಸಿಟ್ಟುಕೊಂಡಿದ್ದೇನೆ. ಅದನ್ನು ನಕ್ಷೆಯ ಗೆರೆಗೆ ಸರಿಯಾಗಿ ಇಡುತ್ತೇನೆ. ಟಕ್ ಅಂತ ಕೂರುತ್ತದೆ. ನಿಂತ ಮುಖಕ್ಕೆ ರಿಬ್ಬನ್ನು ಒರಗಿಸಿ, ಆ ಕಡೆಯಿಂದ ಇನ್ನೊಂದು ತುಂಡನ್ನು ಜಾರಿಸಿ ತಂದು ಮುಟ್ಟಿಸುತ್ತೇನೆ. ಮುಗಿಯಿತು. ರಿಬ್ ನೆಟ್ಟಗೆ ನಿಂತಿದೆ, ಎರಡೂ ಕೈ ಖಾಲಿ, ಅಂಟಿನ ಹನಿಯನ್ನು ನಿಧಾನವಾಗಿ ಮೂಲೆಗೆ ಇಳಿಸಬಹುದು. ಸರಿಬರಲಿಲ್ಲವೇ? ಅರ್ಧ ಮಿ.ಮೀ. ಸರಿಸಿದರಾಯಿತು. ಪಿನ್ನಾದರೆ ಕಿತ್ತು ಮತ್ತೆ ಚುಚ್ಚಬೇಕು, ಆಗ ಅದು ಹಳೆಯ ತೂತಿಗೇ ಜಾರುತ್ತದೆ.

ಈ ಕೋನಪಟ್ಟಿಯ ಬಗ್ಗೆ ಎರಡು ಮಾತು. ಎಲ್ಲ ಕೋನಪಟ್ಟಿಯೂ ಸರಿಯಾಗಿ 90 ಡಿಗ್ರಿ ಇರುವುದಿಲ್ಲ, ಮೂಲೆಮಟ್ಟ ಇಟ್ಟು ನೋಡಿ ಆರಿಸಿಕೊಳ್ಳಿ. ನಿಂತ ಮುಖದ ಕೆಳಮೂಲೆಯನ್ನು ಅರದಿಂದ ಸ್ವಲ್ಪ ತೆಗೆಯಿರಿ. ಸ್ಪಾರ್ ದಾಟಲು, ಹೊರಬಂದ ಅಂಟು ನಿಲ್ಲಲು ಜಾಗ ಬೇಕು. ಇಲ್ಲವಾದರೆ ಸೂಪರ್ ಗ್ಲೂ ಆ ಸಣ್ಣ ಸಂದಿಯಲ್ಲಿ ತಾನೇ ತಾನಾಗಿ ಓಡಿಹೋಗಿ, ರಿಬ್ಬಿಗೂ ಕೋನಪಟ್ಟಿಗೂ ಮದುವೆ ಮಾಡಿಸುತ್ತದೆ. ಮುಟ್ಟುವ ಮುಖಕ್ಕೆ ಸೆಲ್ಲೋಟೇಪ್ ಹಚ್ಚಿ ಮೇಣ ಉಜ್ಜಿಟ್ಟರೆ ಇನ್ನೂ ನಿಶ್ಚಿಂತೆ.

ಪಿನ್ನು ಇಳಿಯದ ವಸ್ತುಗಳಿಗೂ ಮ್ಯಾಗ್ನೆಟ್ ವರ. ಪ್ಲೈವುಡ್, ಸ್ಪ್ರೂಸ್ ಮರದ ಸ್ಪಾರ್, ಕಾರ್ಬನ್ ಕಡ್ಡಿ, ಅಕ್ರಿಲಿಕ್ ತುಂಡು, ಯಾವುದನ್ನೂ ಅದು ಕೇಳುವುದಿಲ್ಲ, ಪಕ್ಕದಿಂದ ಹಿಡಿಯುತ್ತದೆ. ಹಲಗೆಯ ಮೇಲೆ ತೂತು ಬಿದ್ದು ಹಾಳಾಗುವ ಮಾತೂ ಇಲ್ಲ. ಜಾಗ ಕಡಿಮೆ ಇರುವವರಿಗೆ ಇನ್ನೊಂದು ಸುಖವಿದೆ. ಅರ್ಧ ಕೆಲಸ ಆದ ರೆಕ್ಕೆಯನ್ನು ಹಲಗೆಯ ಸಮೇತ ಎತ್ತಿ ಗೋಡೆಗೆ ಒರಗಿಸಬಹುದು, ಮ್ಯಾಗ್ನೆಟ್ಟುಗಳು ಸಾಕಷ್ಟು ಬಿಗಿ ಇದ್ದರೆ.

"ಇದ್ದರೆ" ಅಂದೆ. ಮ್ಯಾಗ್ನೆಟ್ ಹಲಗೆಯ ನಿಜವಾದ ದೋಷ ಅಡಗಿರುವುದು ಅಲ್ಲೇ.

ಮ್ಯಾಗ್ನೆಟ್ಟಿನ ಪೊಟ್ಟಣದ ಮೇಲೆ 6 ಕೆ.ಜಿ. ಎಳೆತ, 10 ಕೆ.ಜಿ. ಎಳೆತ ಅಂತ ಬರೆದಿರುತ್ತಾರೆ. ಆ ಲೆಕ್ಕ ದಪ್ಪನೆಯ, ನುಣುಪಾದ ಉಕ್ಕಿನ ಮೇಲೆ ನೇರವಾಗಿ ಮೇಲಕ್ಕೆ ಎಳೆದಾಗಿನದು. ನಮ್ಮ ಹಲಗೆಯಲ್ಲಿ ಅದಾವುದೂ ಇಲ್ಲ. ತಗಡು ತೆಳು. ಮ್ಯಾಗ್ನೆಟ್ಟಿಗೂ ತಗಡಿಗೂ ನಡುವೆ ನಕ್ಷೆಯ ಕಾಗದ, ಅದರ ಮೇಲೆ ಪ್ಲಾಸ್ಟಿಕ್ ಹಾಳೆ. ಅಂತರ ಕೂದಲೆಳೆಯಷ್ಟು ಹೆಚ್ಚಿದರೂ ಸಣ್ಣ ಮ್ಯಾಗ್ನೆಟ್ಟಿನ ಹಿಡಿತ ಸರ್ರನೆ ಇಳಿಯುತ್ತದೆ. ಇದಕ್ಕಿಂತ ಮುಖ್ಯವಾದದ್ದು ಇನ್ನೊಂದಿದೆ. ನಾವು ಮ್ಯಾಗ್ನೆಟ್ಟನ್ನು ಮೇಲಕ್ಕೆ ಎಳೆಯುವುದೇ ಇಲ್ಲ. ಬಾಗಿದ ಕಡ್ಡಿ ಅದನ್ನು ಪಕ್ಕಕ್ಕೆ ತಳ್ಳುತ್ತದೆ. ಪಕ್ಕಕ್ಕೆ ಜಾರದಂತೆ ತಡೆಯುವುದು ಬರೀ ಘರ್ಷಣೆ. ನುಣುಪಾದ ಮೈಯಲ್ಲಿ ಅದು ನೇರ ಎಳೆತದ ಐದನೆಯ ಒಂದು ಪಾಲು ಸಿಕ್ಕರೆ ಪುಣ್ಯ. ಪ್ಲಾಸ್ಟಿಕ್ ಹಾಳೆ ಜಾರುವ ಜಾತಿಯದು, ಅಲ್ಲಿ ಇನ್ನೂ ಕಡಿಮೆ.

ಇದಕ್ಕೆ ನಾನು ಮಾಡುವುದು ಇಷ್ಟು. ದಪ್ಪ ಪಾಲಿಥೀನ್ ಬದಲು ಅಡುಗೆಮನೆಯ ತೆಳು ಕ್ಲಿಂಗ್ ಫಿಲ್ಮ್ ಹಾಸುತ್ತೇನೆ, ಅದೂ ಅಂಟು ಬೀಳುವ ಕಡೆ ಮಾತ್ರ. ಕೋನಪಟ್ಟಿಯ ಅಡಿಗೆ ನಯವಾದ ಮರಳುಕಾಗದ ಅಂಟಿಸಿದ್ದೂ ಇದೆ. ಎಳೆತ ಸ್ವಲ್ಪ ಕಡಿಮೆಯಾಗುತ್ತದೆ, ಜಾರುವುದು ಅದಕ್ಕಿಂತ ಜಾಸ್ತಿ ಕಡಿಮೆಯಾಗುತ್ತದೆ. ಲಾಭದ ವ್ಯಾಪಾರ. ನಕ್ಷೆಯ ಮೂಲಪ್ರತಿ ಮಾತ್ರ ಇಡಬೇಡಿ, ಮರಳುಕಾಗದ ಅದನ್ನು ಕೆರೆದುಹಾಕುತ್ತದೆ.

ಆದರೂ ಬಾಗು ಇರುವ ಕಡೆ ಪಿನ್ನೇ ರಾಜ. ರೆಕ್ಕೆಯ ದುಂಡು ತುದಿಗೆ ತೆಳು ಪಟ್ಟಿಗಳನ್ನು ನೆನೆಸಿ, ಒಂದರ ಮೇಲೊಂದು ಅಂಟಿಸಿ ಬಾಗಿಸುತ್ತೇವಲ್ಲ, ಅಲ್ಲಿ ಮ್ಯಾಗ್ನೆಟ್ ನಂಬಿ ಕೂತರೆ ಬೆಳಿಗ್ಗೆ ಎದ್ದು ನೋಡುವಾಗ ಪಟ್ಟಿ ನೆಟ್ಟಗಾಗಿರುತ್ತದೆ, ಮ್ಯಾಗ್ನೆಟ್ಟುಗಳು ಸಭೆ ಮುಗಿಸಿ ಹೊರಟವರ ಹಾಗೆ ಪಕ್ಕದಲ್ಲಿ ನಿಂತಿರುತ್ತವೆ. ಬಾಲದ ಕಡೆ ಸಪೂರವಾಗುವ ಮೈಕಟ್ಟಿನ ಉದ್ದ ಕಡ್ಡಿಗಳಿಗೂ ಇದೇ ಮಾತು. ಅರ್ಧ ಗಂಟೆ ಹಿಡಿದಂತೆ ಕಾಣುತ್ತದೆ, ಆಮೇಲೆ ಮೆಲ್ಲಗೆ ಜಾರುತ್ತದೆ. ನಮ್ಮೆದುರು ಜಾರಿದರೆ ಸರಿಪಡಿಸಬಹುದಿತ್ತು!

ಚಿಕ್ಕ ಮಾದರಿಗೂ ಮ್ಯಾಗ್ನೆಟ್ ಒಗ್ಗುವುದಿಲ್ಲ. ರಬ್ಬರ್ ಸುತ್ತಿ ಹಾರಿಸುವ, ಒಂದು ಗೇಣು ಎರಡು ಗೇಣು ರೆಕ್ಕೆಯ ವಿಮಾನದಲ್ಲಿ ಕಡ್ಡಿ 1.5 ಮಿ.ಮೀ. ಇರುತ್ತದೆ, ರಿಬ್ಬುಗಳ ನಡುವೆ ಎರಡು ಬೆರಳು ಜಾಗ. ಅಲ್ಲಿ ಕೋನಪಟ್ಟಿ ಕೂರುವುದೇ ಇಲ್ಲ. ಕೂರಿಸಿದರೂ ಪಕ್ಕದ ಮ್ಯಾಗ್ನೆಟ್ ಸುಮ್ಮನಿರುವುದಿಲ್ಲ. ಎರಡು ಬಲವಾದ ಮ್ಯಾಗ್ನೆಟ್ ತೀರಾ ಹತ್ತಿರ ಬಂದರೆ ಪಟಕ್ಕನೆ ಹಾರಿ ಒಂದನ್ನೊಂದು ಕಚ್ಚುತ್ತವೆ. ನಡುವೆ ಬಾಲ್ಸಾ ರಿಬ್ ಇದ್ದರೆ ಅದರ ಕತೆ ಮುಗಿಯಿತು. ಬಾಲ್ಸಾ ಎಷ್ಟು ಹಗುರ ಅಂದರೆ ಒಂದು ಘನ ಮೀಟರ್ ಮರ ಸುಮಾರು 160 ಕೆ.ಜಿ. ತೂಗುತ್ತದೆ, ನೀರಿನ ಆರನೆಯ ಒಂದು ಪಾಲು. ಅಂಥ ಮೆತ್ತನೆ ಮರವನ್ನು ಎರಡು ಮ್ಯಾಗ್ನೆಟ್ ನಡುವೆ ಬಿಗಿದರೆ ಪೆಟ್ಟಾಗುವುದು ಬೇಡ, ಒತ್ತಿದ ಗುರುತೇ ಕುಳಿಯಾಗಿ ಉಳಿಯುತ್ತದೆ.

ಯಾವ ಮ್ಯಾಗ್ನೆಟ್ ಅಂತ ಕೇಳುವಿರಿ. ಎರಡು ಜಾತಿ ಇವೆ. ಕಪ್ಪಗೆ, ಮಡಕೆ ಚೂರಿನಂತೆ ಕಾಣುವ ಫೆರೈಟ್ ಒಂದು. ಬೆಳ್ಳಿಯಂತೆ ಹೊಳೆಯುವ ನಿಯೋಡಿಮಿಯಮ್ ಇನ್ನೊಂದು. ನಿಯೋಡಿಮಿಯಮ್ ಬಂದದ್ದು 1980ರ ದಶಕದ ಮೊದಲ ವರ್ಷಗಳಲ್ಲಿ, ಜಪಾನಿನ ಸುಮಿಟೊಮೊ ಮತ್ತು ಅಮೆರಿಕದ ಜನರಲ್ ಮೋಟಾರ್ಸ್ ಬೇರೆಬೇರೆಯಾಗಿ ಕಂಡುಹಿಡಿದವು. ಬಲ ನೋಡಿದರೆ ಫೆರೈಟ್ ಅದರ ಮುಂದೆ ಮಗು. ಆದರೆ ಬಾಲ್ಸಾ ಕೆಲಸಕ್ಕೆ ನನಗೆ ಇಷ್ಟ ಫೆರೈಟೇ. ದಪ್ಪ ಚೌಕದ ತುಂಡು ಕೈಗೆ ಚೆನ್ನಾಗಿ ಸಿಗುತ್ತದೆ, ಪಕ್ಕದವನ ಮೇಲೆ ಹಾರುವುದು ಕಡಿಮೆ, ತುಕ್ಕು ಹಿಡಿಯುವುದಿಲ್ಲ, ಬೆರಳು ಜಜ್ಜುವುದಿಲ್ಲ. ನಿಯೋಡಿಮಿಯಮ್ಮನ್ನು ತೆಳು ಜಾಗಕ್ಕೆ, ಸಣ್ಣ ಗಾತ್ರದಲ್ಲಿ ಮಾತ್ರ ಇಟ್ಟುಕೊಂಡಿದ್ದೇನೆ. ಸಾಮಾನ್ಯ ದರ್ಜೆಯದಕ್ಕೆ 80 ಡಿಗ್ರಿ ಸೆಲ್ಸಿಯಸ್ ದಾಟಿದರೆ ಬಲ ಕುಗ್ಗುತ್ತದೆ, ಮತ್ತೆ ಪೂರ್ತಿ ಬರುವುದಿಲ್ಲ. ಹಾಗಾಗಿ ರೆಕ್ಕೆಗೆ ಹೊದಿಕೆ ಹಾಕುವ ಬಿಸಿಗಾಳಿ ಯಂತ್ರವನ್ನು ಈ ಹಲಗೆಯಿಂದ ದೂರ ಇಡಿ.

ನಿಯೋಡಿಮಿಯಮ್ಮಿನ ಅಪಾಯವನ್ನು ಹಗುರವಾಗಿ ಹೇಳಲಾರೆ. ದೊಡ್ಡ ನಿಯೋಡಿಮಿಯಮ್ ಎರಡು ಒಂದಕ್ಕೊಂದು ಬಡಿದರೆ ಚೂರಾಗಿ ಸಿಡಿಯಬಹುದು. ಕಣ್ಣಿಗೆ ಕನ್ನಡಕ ಇರಲಿ. ಮಕ್ಕಳ ಕೈಗೆ ಸಿಗಲೇಬಾರದು. ಎರಡು ಮ್ಯಾಗ್ನೆಟ್ ನುಂಗಿದರೆ ಅವು ಹೊಟ್ಟೆಯೊಳಗೆ ಕರುಳಿನ ಎರಡು ಮಡಿಕೆಗಳನ್ನು ನಡುವೆ ಸಿಕ್ಕಿಸಿಕೊಂಡು ಅಂಟಿಕೊಳ್ಳುತ್ತವೆ, ಕರುಳು ತೂತಾಗುತ್ತದೆ. ನುಂಗಿದ ಅನುಮಾನ ಬಂದರೂ ಸಾಕು, ಕಾಯದೆ ಆಸ್ಪತ್ರೆಗೆ ಓಡಬೇಕು. ಮನೆಯಲ್ಲಿ ಯಾರಿಗಾದರೂ ಪೇಸ್‌ಮೇಕರ್ ಇದ್ದರೆ ಅವರು ಈ ಹಲಗೆಯ ಮೇಲೆ ಬಗ್ಗುವುದು ಬೇಡ.

ಇನ್ನು ಕಿರಿಕಿರಿಗಳು. ಚಾಕು, ಬ್ಲೇಡು, ಚಿಮ್ಮಟ ಎಲ್ಲವೂ ಹಲಗೆಯ ಹತ್ತಿರ ಬಂದ ಕೂಡಲೇ ದಾರಿ ತಪ್ಪುತ್ತವೆ. ಒಮ್ಮೆ ಕಡ್ಡಿಯ ತುದಿ ಕತ್ತರಿಸುತ್ತಿದ್ದಾಗ ಬ್ಲೇಡನ್ನು ಪಕ್ಕದ ಮ್ಯಾಗ್ನೆಟ್ ಎಳೆದುಕೊಂಡು ನನ್ನ ಹೆಬ್ಬೆರಳಿಗೆ ತಾಗಿಸಿತು. ಅಂದಿನಿಂದ ಈ ಹಲಗೆಯ ಮೇಲೆ ಕತ್ತರಿಸುವುದನ್ನೇ ಬಿಟ್ಟೆ. ಹೇಗಿದ್ದರೂ ಕಬ್ಬಿಣಕ್ಕೆ ತಾಗಿದ ಬ್ಲೇಡಿನ ಮೊನೆ ಒಂದೇ ಏಟಿಗೆ ಮೊಂಡಾಗುತ್ತದೆ. ಕತ್ತರಿಸಲು ಬೇರೆ ಮ್ಯಾಟ್ ಇರಲಿ. ತಂತಿ ಅರೆದ ಪುಡಿ ಮ್ಯಾಗ್ನೆಟ್ಟಿಗೆ ಮೀಸೆಯಂತೆ ಹತ್ತಿಕೊಳ್ಳುತ್ತದೆ. ಸೆಲ್ಲೋಟೇಪಿನ ಅಂಟು ಬದಿ ಒತ್ತಿ ಎತ್ತಿದರೆ ಬರುತ್ತದೆ. ತಗಡಿಗೆ ತುಕ್ಕು ಬರದಂತೆ ಎಣ್ಣೆ ಸವರುವ ಅಭ್ಯಾಸ ಬೇಡ. ಎಣ್ಣೆ ಮರಕ್ಕೆ ತಾಗಿದರೆ ಆ ಜಾಗದಲ್ಲಿ ಅಂಟು ಹಿಡಿಯುವುದಿಲ್ಲ. ಗಟ್ಟಿ ಮೇಣ ತೆಳುವಾಗಿ ಉಜ್ಜಿ ಒರೆಸಿದರೆ ಸಾಕು.

ಹಲಗೆ ಮಾಡಿಕೊಳ್ಳುವುದಾದರೆ ತಗಡು 1.5 ಮಿ.ಮೀ. ಇರಲಿ. ದಪ್ಪ ಸಾಲುತ್ತದೆಯೇ ಅಂತ ತಿಳಿಯಲು ಸುಲಭದ ಪರೀಕ್ಷೆ ಇದೆ. ಮೇಲೆ ಮ್ಯಾಗ್ನೆಟ್ ಇಟ್ಟು, ತಗಡಿನ ಅಡಿಯಲ್ಲಿ ಅದೇ ಜಾಗಕ್ಕೆ ಒಂದು ಪೇಪರ್ ಕ್ಲಿಪ್ ಹಿಡಿಯಿರಿ. ಕ್ಲಿಪ್ ಗಟ್ಟಿಯಾಗಿ ಅಂಟಿಕೊಂಡರೆ ಬಲವೆಲ್ಲ ತಗಡು ದಾಟಿ ಕೆಳಗೆ ಸೋರುತ್ತಿದೆ, ಇನ್ನೂ ದಪ್ಪ ತಗಡಾದರೆ ಹಿಡಿತ ಹೆಚ್ಚುತ್ತದೆ ಅಂತ ಅರ್ಥ. ಪಾತ್ರೆಗೆ ಬಳಸುವ 304 ದರ್ಜೆಯ ಸ್ಟೇನ್‌ಲೆಸ್ ಸ್ಟೀಲಿಗೆ ಮ್ಯಾಗ್ನೆಟ್ ಹೆಚ್ಚು ಕಡಿಮೆ ಹಿಡಿಯುವುದೇ ಇಲ್ಲ. ಕೊಳ್ಳುವಾಗ ಜೇಬಿನಲ್ಲಿ ಒಂದು ಮ್ಯಾಗ್ನೆಟ್ ಒಯ್ಯಿರಿ. ಬಿಳಿ ಬರೆಯುವ ಬೋರ್ಡುಗಳ ತಗಡು ತೀರಾ ತೆಳು, ಹಲಗೆಯೂ ಬಾಗುತ್ತದೆ. ಅದನ್ನು ಕೊಳ್ಳಿ ಅಂತ ನಾನು ಹೇಳುವುದಿಲ್ಲ.

ತಗಡು ಎಷ್ಟೇ ದಪ್ಪವಿರಲಿ ತಾನೇ ನೆಟ್ಟಗಿರುವುದಿಲ್ಲ. ಅದಕ್ಕೊಂದು ಗಟ್ಟಿ ತಳ ಬೇಕು. 18 ಮಿ.ಮೀ. ಎಂಡಿಎಫ್ (ಮರದ ನಾರನ್ನು ಒತ್ತಿ ಮಾಡಿದ ಹಲಗೆ) ಅಥವಾ ತಿರುಚಿಲ್ಲದ ಫ್ಲಶ್ ಬಾಗಿಲು ಒಳ್ಳೆಯದು. ಇಲ್ಲಿ ಹೆಚ್ಚಿನವರು ಎಡವುತ್ತಾರೆ. ಮೇಲಿನ ಮುಖಕ್ಕೆ ತಗಡು ಅಂಟಿಸಿ ಕೆಳಗಿನ ಮುಖವನ್ನು ಹಾಗೇ ಬಿಡುತ್ತಾರೆ. ಗಾಳಿಯ ತೇವ ಕೆಳಗಿನಿಂದ ಮಾತ್ರ ಒಳಹೋಗುತ್ತದೆ, ಆ ಮುಖ ಉಬ್ಬುತ್ತದೆ, ಕೆಲವೇ ತಿಂಗಳಲ್ಲಿ ಇಡೀ ಹಲಗೆ ಬಾಗುತ್ತದೆ. ಅಡಿಗೂ ನಾಲ್ಕೂ ಅಂಚಿಗೂ ಎರಡು ಮೂರು ಸಲ ವಾರ್ನಿಶ್ ಹಚ್ಚಿ. ಮೇಜಿನ ಮೇಲಿಟ್ಟ ಮೇಲೆ ಮತ್ತೆ ಆ ಎರಡು ಪಟ್ಟಿಗಳ ಪರೀಕ್ಷೆ ಮಾಡಿ, ತಿರುಚು ಕಂಡ ಮೂಲೆಗೆ ಕಾಗದದ ಮಡಿಕೆ ಕೊಟ್ಟು ಸರಿಮಾಡಿ. ತೂಕದ ಲೆಕ್ಕವೂ ಇರಲಿ. 120 ಸೆಂ.ಮೀ. ಉದ್ದ, 30 ಸೆಂ.ಮೀ. ಅಗಲದ 1.5 ಮಿ.ಮೀ. ತಗಡೇ 4 ಕೆ.ಜಿ. ದಾಟುತ್ತದೆ, ಎಂಡಿಎಫ್ ಸೇರಿದರೆ 9 ಕೆ.ಜಿ. ಹತ್ತಿರ. ಗೋಡೆಗೆ ಒರಗಿಸುವ ಸುಖದ ಬಗ್ಗೆ ಮೇಲೆ ಹೇಳಿದೆನಲ್ಲ, ಅದು ಬೆನ್ನು ಗಟ್ಟಿ ಇದ್ದವರಿಗೆ.

ವಿಮಾನ ಬಿಟ್ಟು ಬೇರೆ ಮಾದರಿ ಮಾಡುವವರಿಗೆ ಲೆಕ್ಕ ಸುಲಭ. ಕಟ್ಟಡದ ಮಾದರಿ, ಗೊಂಬೆಮನೆ, ರೈಲು ನಿಲ್ದಾಣದಂಥವಕ್ಕೆ ಎರಡು ಬದಿ ಅಂಚು ಎದ್ದಿರುವ ಚಿಕ್ಕ ಉಕ್ಕಿನ ತಟ್ಟೆ ಸಿಗುತ್ತದೆ. ಗೋಡೆಗಳು ಮೂಲೆಯಲ್ಲಿ ಸರಿಯಾಗಿ ಕೂಡಲು ಅದಕ್ಕಿಂತ ಒಳ್ಳೆಯ ಸಾಧನ ನಾನು ನೋಡಿಲ್ಲ. ಎಲ್ಲವೂ ನೇರ ಗೆರೆ, ಎಲ್ಲವೂ 90 ಡಿಗ್ರಿ, ಬಾಗಿದ ಕಡ್ಡಿಯ ತಳ್ಳಾಟವಿಲ್ಲ. ಹಿತ್ತಾಳೆ ಬೆಸುಗೆ ಮಾಡುವವರು ಮಾತ್ರ ಇದರ ಸಹವಾಸಕ್ಕೆ ಹೋಗಬೇಡಿ. ಬಿಸಿಯನ್ನೆಲ್ಲ ತಗಡು ಕುಡಿಯುತ್ತದೆ. ಬೆಸುಗೆ ಕಡ್ಡಿಯ ತುದಿಗೆ ಕಬ್ಬಿಣದ ಲೇಪ ಇರುವುದರಿಂದ ಮ್ಯಾಗ್ನೆಟ್ ಅದನ್ನೂ ಎಳೆಯುತ್ತದೆ.

ನಿಮ್ಮ ವಿಷಯಕ್ಕೆ ಬಂದರೆ, ಈಗಲೇ ದೊಡ್ಡ ಹಲಗೆ ಬೇಡ. 40 ಸೆಂ.ಮೀ.ಗೆ 30 ಸೆಂ.ಮೀ. ತಗಡು, ಎಂಟು ಹತ್ತು ಫೆರೈಟ್ ಮ್ಯಾಗ್ನೆಟ್, ಆರು ಕೋನಪಟ್ಟಿ ಸಾಕು. ಮೊದಲು ಬಾಲದ ರೆಕ್ಕೆ ಕಟ್ಟಿ ನೋಡಿ. ತೆಗೆಯುವಾಗ ಮ್ಯಾಗ್ನೆಟ್ಟನ್ನು ಮೇಲಕ್ಕೆ ಕೀಳಬೇಡಿ, ಪಕ್ಕಕ್ಕೆ ಜಾರಿಸಿ ಮರದಿಂದ ಬಿಡಿಸಿ, ಆಮೇಲೆ ಎತ್ತಿ. ಇದೊಂದು ಅಭ್ಯಾಸ ಕೈಗೆ ಬಂದರೆ ಅರ್ಧ ಅನಾಹುತ ತಪ್ಪುತ್ತದೆ. ಲೇಸರ್‌ನಲ್ಲಿ ಕತ್ತರಿಸಿದ ಕಿಟ್ ಕಟ್ಟುವವರಾದರೆ ಇಷ್ಟೂ ಬೇಡವೇನೋ. ಅವುಗಳಲ್ಲಿ ಕಚ್ಚು ಕಚ್ಚಿಗೆ ಕೂತು ರಿಬ್ಬುಗಳು ಬಹುಮಟ್ಟಿಗೆ ತಾವೇ ನೆಟ್ಟಗಾಗುತ್ತವೆ.

ಹಳೆಯ ಸಾಫ್ಟ್‌ಬೋರ್ಡನ್ನು ಎಸೆಯಬೇಡಿ. ಎರಡು ಪಟ್ಟಿಗಳ ಪರೀಕ್ಷೆಯಲ್ಲಿ ಸೋತಿದ್ದರೆ ಅದೇ ಎಂಡಿಎಫ್ ತಳದ ಇನ್ನೊಂದು ಮುಖಕ್ಕೆ ಅಂಟಿಸಿ. ಆ ಮುಖಕ್ಕೆ ವಾರ್ನಿಶ್ ಹಚ್ಚಿ ಒಣಗಿದ ಮೇಲೆ. ಒಂದು ಬದಿ ತಗಡು, ಒಂದು ಬದಿ ಪಿನ್ನು. ದುಂಡು ತುದಿ ಬಾಗಿಸುವ ದಿನ ಹಲಗೆಯನ್ನು ಮಗುಚಿ ಹಾಕಿದರಾಯಿತು.